ಮೂರು ಫೆಲೋಶಿಪ್, ಮೂರು ಅರ್ಜಿ: ಯಾವುದು ಯಾರಿಗೆ?

ಎರಡು ವರ್ಷದಲ್ಲಿ ಮೂರು ಕಡೆ ಅರ್ಜಿ ಹಾಕಿದೆ. ಒಂದರಲ್ಲಿ ಮೊದಲ ಸುತ್ತಿಗೇ ಔಟ್. ಇನ್ನೊಂದರಲ್ಲಿ ಸಂದರ್ಶನದ ತನಕ ಹೋಗಿ ವಾಪಸ್. ಮೂರನೆಯದು ಸಿಕ್ಕಿತು. ಮೂರೂ ಪರಿಸರ ಕ್ಷೇತ್ರದಲ್ಲಿ ಈಗಷ್ಟೇ ಕಾಲೂರುತ್ತಿರುವವರಿಗೆ ನಾಯಕತ್ವ ಕಲಿಸುವ ಫೆಲೋಶಿಪ್‌ಗಳೇ. ಆದರೆ ಅರ್ಜಿ ಬರೆಯಲು ಕೂತಾಗ ಗೊತ್ತಾಯಿತು, ಹೆಸರು ಮಾತ್ರ ಒಂದೇ, ಒಳಗಿನ ಕಥೆ ಬೇರೆ ಬೇರೆ. ನಾನು ಅರ್ಜಿ ಹಾಕಿದವುಗಳ ಹೆಸರು ಹೇಳುವುದಿಲ್ಲ. ಕೆಲವು ದೂರುಗಳೂ ಇವೆ ಅಲ್ವಾ, ಅದಕ್ಕೆ. ಪ್ರತಿ ಬಗೆಗೂ ಎಲ್ಲರೂ ಬಲ್ಲ ಒಂದು ಉದಾಹರಣೆ ಮಾತ್ರ ಕೊಡುತ್ತೇನೆ.

ಮೊದಲನೆಯದು, ಕೆಲಸ ಬಿಟ್ಟು ಒಂದು ತಿಂಗಳು ಒಂದೇ ಕಡೆ ಉಳಿದು ಕಲಿಯುವ ಬಗೆ. ಕಿನ್‌ಶಿಪ್ ಕನ್ಸರ್ವೇಶನ್ ಫೆಲೋಸ್ ಇದಕ್ಕೆ ಒಳ್ಳೆಯ ಉದಾಹರಣೆ. ಬೇರೆ ಬೇರೆ ದೇಶಗಳ ಸುಮಾರು 18 ಜನರನ್ನು ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಒಂದು ತಿಂಗಳು ಸೇರಿಸಿ, ಮಾರುಕಟ್ಟೆಯ ದಾರಿಯಲ್ಲಿ, ಅಂದರೆ ಉಳಿಸಿದವರಿಗೆ ಹಣದ ಲಾಭವೂ ಸಿಗುವಂತೆ ಮಾಡಿ, ಪರಿಸರ ಉಳಿಸುವುದು ಹೇಗೆ ಅಂತ ಕಲಿಸುವ ಕಾರ್ಯಕ್ರಮವಾಗಿ ಅದು ಹೆಸರಾದದ್ದು. ಎರಡನೆಯದು ತಂಡವಾಗಿ ಹಾಕುವ ಬಗೆ. 1985ರಲ್ಲಿ ಶುರುವಾದ ಕನ್ಸರ್ವೇಶನ್ ಲೀಡರ್‌ಶಿಪ್ ಪ್ರೋಗ್ರಾಂ ಹೀಗಿದೆ. ಕನಿಷ್ಠ 3 ಜನರ ತಂಡ ಬೇಕು, ಕೈಯಲ್ಲೊಂದು ಯೋಜನೆ ಇರಬೇಕು, ಹಣ ಯೋಜನೆಗೆ ಸಿಗುತ್ತದೆ, ಜೊತೆಗೆ ತರಬೇತಿ. ಮೂರನೆಯದು ಕೆಲಸದಲ್ಲಿದ್ದುಕೊಂಡೇ ಮಾಡುವಂಥದ್ದು. ಅಮೆರಿಕದ ಎನ್ವಿರಾನ್‌ಮೆಂಟಲ್ ಲೀಡರ್‌ಶಿಪ್ ಪ್ರೋಗ್ರಾಂ ಈ ಜಾತಿಯದು. ವರ್ಷದಲ್ಲಿ ಕೆಲವು ಸಲ, ಒಂದೊಂದು ಸಲಕ್ಕೆ ಕೆಲವು ದಿನ, ಒಂದೇ ಪ್ರದೇಶದವರೆಲ್ಲ ಸೇರುತ್ತಾರೆ. ಇಂಥ ಕಡೆ ಅವರು ನಿಮಗೆ ದುಡ್ಡು ಕೊಡುವ ಬದಲು ನೀವೇ ಶುಲ್ಕ ಕಟ್ಟಬೇಕಾದೀತು. ‘ಫೆಲೋಶಿಪ್’ ಅಂದರೆ ಸ್ಟೈಪೆಂಡ್ ಅಂದುಕೊಂಡಿದ್ದ ನನಗೆ ಇದು ದೊಡ್ಡ ಆಶ್ಚರ್ಯ.

ಒಂದು ತಿಂಗಳಿನದಕ್ಕೆ ನಾನು ಅರ್ಜಿ ಹಾಕಿದ್ದು ಆಸೆಯಿಂದ, ತಯಾರಿ ಇಲ್ಲದೆ. ನಿಮ್ಮ ಪರಿಚಯ ಬರೆಯಿರಿ ಅಂತ 2,000 ಅಕ್ಷರದ ಚೌಕ. ‘ಚಿಕ್ಕಂದಿನಿಂದಲೂ ನನಗೆ ಪ್ರಕೃತಿ ಅಂದರೆ ಪ್ರಾಣ’ ಅಂತ ಶುರು ಮಾಡಿದೆ. ಈಗ ಓದಿದರೆ ನಾಚಿಕೆಯಾಗುತ್ತದೆ. ಅರ್ಜಿ ಹಾಕಿದವರಲ್ಲಿ ಪ್ರಕೃತಿ ಬೇಡ ಅನ್ನುವವರು ಯಾರಿರುತ್ತಾರೆ? ಸಾಲದ್ದಕ್ಕೆ, ಆ ಚೌಕ ಪದಗಳ ನಡುವಿನ ಜಾಗವನ್ನೂ ಅಕ್ಷರವಾಗಿ ಎಣಿಸುತ್ತಿತ್ತು. ಬೇರೆ ಫೈಲಿನಿಂದ ತಂದು ಅಂಟಿಸಿದ್ದರಲ್ಲಿ ಕೊನೆಯ ಒಂದೂವರೆ ವಾಕ್ಯ ಸದ್ದಿಲ್ಲದೆ ಹಾರಿಹೋಗಿತ್ತು. ನನ್ನ ಅರ್ಜಿ ‘ಆದ್ದರಿಂದ ನಾನು’ ಅಂತ ಮುಗಿದಿತ್ತು. ಕಳಿಸಿದ ಮೇಲೆ ನೋಡಿದೆ.

ಆದರೆ ನನ್ನನ್ನು ಕೆಡವಿದ್ದು ಆ ಅರ್ಧ ವಾಕ್ಯ ಅಂತ ನನಗೆ ಅನ್ನಿಸುವುದಿಲ್ಲ. ಈ ಬಗೆಯ ಫೆಲೋಶಿಪ್‌ನವರು ಮುಖ್ಯವಾಗಿ ಕೇಳುವುದು ಒಂದೇ: ತಿಂಗಳು ಮುಗಿಸಿ ವಾಪಸ್ ಹೋದ ಮೇಲೆ ಏನು ಮಾಡುತ್ತೀರಿ? ಅದಕ್ಕೆ ನನ್ನ ಹತ್ತಿರ ‘ಕಲಿತದ್ದನ್ನು ಹಂಚುತ್ತೇನೆ’ ಅನ್ನುವುದು ಬಿಟ್ಟು ಬೇರೆ ಉತ್ತರ ಇರಲಿಲ್ಲ. ಈಗಾಗಲೇ ಒಂದು ಕೆಲಸ ಅರ್ಧ ದಾರಿಗೆ ಬಂದು ನಿಂತಿದ್ದರೆ, ಅದಕ್ಕೊಂದು ತಳ್ಳು ಬೇಕಿದ್ದರೆ, ಇದು ಹೇಳಿ ಮಾಡಿಸಿದ್ದು. ಸುಮ್ನೆ ಕಲಿಯುವ ಹಂಬಲ ಮಾತ್ರ ಇದ್ದರೆ ಅಲ್ಲ.

ತಂಡದ ಅರ್ಜಿಯ ಬಗ್ಗೆ ಜಾಸ್ತಿ ಹೇಳಬೇಕು. ಸಂದರ್ಶನದ ತನಕ ಹೋಗಿ ಸಿಗದೇ ಹೋದದ್ದು ಅದೇ, ಹೆಚ್ಚು ಕಲಿಸಿದ್ದೂ ಅದೇ.

ನಾವು ನಾಲ್ಕು ಜನ. ಒಂದು ಜೌಗು ಪ್ರದೇಶದ ನೀರು ಹಾಳಾಗುತ್ತಿರುವುದು ಎಲ್ಲಿಂದ ಅಂತ ಹುಡುಕುವ ಯೋಜನೆ. ವಿಷಯದಲ್ಲಿ ತಕರಾರಿಲ್ಲ, ವಿಧಾನದಲ್ಲೂ ಇಲ್ಲ. ಫಾರಂನಲ್ಲಿ ಒಂದು ಸಣ್ಣ ಚೌಕ ಇತ್ತು: ತಂಡದ ನಾಯಕರ ಹೆಸರು. ಫೋನ್ ಕರೆಯಲ್ಲಿ ನಾಲ್ಕೂ ಜನ ಸುಮ್ಮನಾದೆವು. ಒಬ್ಬರಿಗೆ ವಿಷಯ ಹೆಚ್ಚು ಗೊತ್ತು, ಆದರೆ ಐದು ವರ್ಷಕ್ಕಿಂತ ಹೆಚ್ಚು ಅನುಭವ ಆಗಿಬಿಟ್ಟಿತ್ತು, ನಿಯಮ ಅಡ್ಡ ಬಂತು. ಇನ್ನೊಬ್ಬಳು ಎಲ್ಲ ಕೆಲಸ ಮಾಡುತ್ತಿದ್ದಳು, ಆದರೆ ‘ನನ್ನ ಹೆಸರು ಬೇಡಪ್ಪ’ ಅಂತ ಹಿಂದೆ ಸರಿದಳು. ಅದು ಸಂಕೋಚ ಅಂತ ನಾವು ಅಂದುಕೊಂಡೆವು. ತಪ್ಪಾದರೆ ಬೈಗುಳ ತನಗೊಬ್ಬಳಿಗೇ ಬೀಳುತ್ತದೆ ಅನ್ನುವ ಭಯ ಅಂತ ಆಮೇಲೆ ಅವಳೇ ಹೇಳಿದಳು. ಎರಡು ವಾರ ಇದೇ ಆಯಿತು. ಕೊನೆಗೆ ಯಾರು ಯಾವುದಕ್ಕೆ ಜವಾಬ್ದಾರಿ ಅಂತ ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಹಾಕಿದ ಮೇಲೆ ಅವಳು ಒಪ್ಪಿದಳು. ನಾಯಕತ್ವದ ತರಬೇತಿ ಅಂತ ಬೇರೆ ಏನು ಬೇಕು ಹೇಳಿ, ಅದು ಅಲ್ಲೇ ಆಯಿತು.

ಬರವಣಿಗೆಯೂ ಬದಲಾಯಿತು. ತಂಡದಲ್ಲಿ ‘ಪ್ರಕೃತಿ ಅಂದರೆ ಪ್ರಾಣ’ ಅಂತ ಬರೆದರೆ ಪಕ್ಕದವರು ನಗುತ್ತಾರೆ. ಹಾಗಾಗಿ ನಮ್ಮ ಮೊದಲ ಸಾಲು ಹೀಗಿತ್ತು: ‘14 ಕಡೆ ನೀರಿನ ಮಾದರಿ ತೆಗೆದೆವು. 3 ಕಡೆ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿತ್ತು. ಆ ಮೂರೂ ಒಂದೇ ಕಾಲುವೆ ಬಂದು ಸೇರುವ ಜಾಗದಲ್ಲಿವೆ.’ ಅಷ್ಟು ಕಡಿಮೆ ಆಮ್ಲಜನಕದಲ್ಲಿ ಹೆಚ್ಚಿನ ಮೀನುಗಳು ಬದುಕುವುದಿಲ್ಲ ಅನ್ನುವುದು ಓದುವವರಿಗೆ ಗೊತ್ತೇ ಇರುತ್ತದೆ, ಬಿಡಿಸಿ ಹೇಳಬೇಕಿಲ್ಲ. ಸಂದರ್ಶನಕ್ಕೆ ಕರೆದದ್ದು ಆ ಮೂರು ಸಾಲಿಗೇ ಅಂತ ನನ್ನ ಲೆಕ್ಕ.

ಸಂದರ್ಶನದಲ್ಲಿ ಬಿದ್ದದ್ದು ಬಜೆಟ್‌ನಲ್ಲಿ. ಮಾದರಿ ಪರೀಕ್ಷೆಗೆ ಒಂದು ಮೊತ್ತ ಹಾಕಿದ್ದೆವು. ‘ಇದು ಎಷ್ಟು ಮಾದರಿಗೆ?’ ಅಂತ ಕೇಳಿದರು. ನಾನು ಒಂದು ಸಂಖ್ಯೆ ಹೇಳಿದೆ, ನನ್ನ ಗೆಳೆಯ ಅದೇ ಹೊತ್ತಿಗೆ ಇನ್ನೊಂದು ಹೇಳಿದ. ಆಮೇಲೆ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಯ್ಕೆ ಆಗಲಿಲ್ಲ ಅನ್ನುವ ಇಮೇಲ್ ಎರಡು ಸಾಲು, ಕಾರಣ ಏನೂ ಇಲ್ಲ. ಈ ಅರ್ಜಿಯ ಬಗ್ಗೆ ನನ್ನ ದೂರು ಅದೊಂದೇ. ನಾಲ್ಕು ಜನ ಎರಡು ತಿಂಗಳು ಕೂತು ಬರೆದದ್ದಕ್ಕೆ ಒಂದು ಸಾಲಿನ ಕಾರಣವಾದರೂ ಕೊಡಬಹುದಿತ್ತು.

ಮೂರನೆಯದು ಸಿಕ್ಕಿತು ಅಂದೆನಲ್ಲ, ಅದರ ಅರ್ಜಿಯೇ ಚಿಕ್ಕದು. ಕಷ್ಟ ಇದ್ದದ್ದು ಬೇರೆ ಕಡೆ, ಕೆಲಸದ ಜಾಗದಿಂದ ಒಪ್ಪಿಗೆ ಪತ್ರ ತರಬೇಕಿತ್ತು. ಮೇಲಿನವರ ಹತ್ತಿರ ‘ವರ್ಷಕ್ಕೆ ಹನ್ನೊಂದು ದಿನ ಬಿಡಬೇಕು’ ಅಂತ ಕೇಳಲು ನನಗೆ ಒಂದು ವಾರ ಬೇಕಾಯಿತು. ಅವರು ಒಪ್ಪಿದ್ದು ಒಂದೇ ನಿಮಿಷದಲ್ಲಿ. ಕೇಳುವ ಮೊದಲು ನಾನು ಆ ಹನ್ನೊಂದು ದಿನದ ಕೆಲಸ ಯಾರು ನೋಡಿಕೊಳ್ಳುತ್ತಾರೆ ಅಂತ ಬರೆದುಕೊಂಡು ಹೋಗಿದ್ದೆ. ಬರಿಗೈಯಲ್ಲಿ ಹೋಗಿದ್ದರೆ ಏನಾಗುತ್ತಿತ್ತೋ. ಇಲ್ಲಿ ಸಂದರ್ಶನದಲ್ಲಿ ಯೋಜನೆಯ ಮಾತೇ ಬರಲಿಲ್ಲ. ‘ಬೇರೆಯವರ ಮಾತು ಕೇಳಿ ನಿರ್ಧಾರ ಬದಲಿಸಿದ್ದು ಯಾವಾಗ?’ ಅಂತ ಕೇಳಿದರು. ತಂಡದ ನಾಯಕಿಯ ಕಥೆ ಹೇಳಿದೆ. ಸೋತ ಅರ್ಜಿಯೇ ಗೆದ್ದ ಅರ್ಜಿಗೆ ಉತ್ತರ ಕೊಟ್ಟಿತು.

ಶಿಫಾರಸು ಪತ್ರದ ವಿಷಯಕ್ಕೆ ಬಂದರೆ, ಮೊದಲ ಸಲ ದೊಡ್ಡ ಹೆಸರಿನವರೊಬ್ಬರ ಹತ್ತಿರ ಬರೆಸಿದೆ. ಒಳ್ಳೆಯ ಪತ್ರ, ಆದರೆ ಅದರಲ್ಲಿ ನನ್ನ ಹೆಸರು ತೆಗೆದು ಯಾರ ಹೆಸರು ಹಾಕಿದರೂ ನಡೆಯುತ್ತಿತ್ತು. ಮೂರನೆಯ ಸಲ ಜೊತೆಯಲ್ಲೇ ಫೀಲ್ಡ್ ಕೆಲಸಕ್ಕೆ ಬಂದ ಮೇಲ್ವಿಚಾರಕರ ಹತ್ತಿರ ಬರೆಸಿದೆ. ನಾನು ಒಂದು ಸಲ ತಪ್ಪು ಅಂಕಿ ಕಳಿಸಿ, ಯಾರೂ ಕೇಳುವ ಮೊದಲೇ ಒಪ್ಪಿಕೊಂಡದ್ದನ್ನು ಅವರು ಅದರಲ್ಲಿ ಬರೆದಿದ್ದರು. ಅದನ್ನು ಓದಿ ಹೊಟ್ಟೆಯಲ್ಲಿ ಒಂಥರಾ ಆಯಿತು. ಸಂದರ್ಶನ ಮಾಡಿದವರು ಮೆಚ್ಚಿ ಮಾತಾಡಿದ್ದು ಅದರ ಬಗ್ಗೆಯೇ.

ಹಾಗಾದರೆ ಯಾವುದಕ್ಕೆ ಹಾಕಬೇಕು? ಕೆಲಸ ಇದ್ದು, ಬಿಡಲು ಆಗದವರು ಮೂರನೆಯದಕ್ಕೆ ಹಾಕಿ, ಆದರೆ ಶುಲ್ಕ ಎಷ್ಟು, ವಿನಾಯಿತಿ ಇದೆಯಾ ಅಂತ ಮೊದಲೇ ಕೇಳಿ. ಕೈಯಲ್ಲಿ ಯೋಜನೆ, ಜೊತೆಗೆ ನಂಬಿಕೆಯ ಇಬ್ಬರು ಮೂವರು ಇದ್ದರೆ ತಂಡದ್ದು. ಸಿಗದಿದ್ದರೂ ಪರವಾಗಿಲ್ಲ ಅಂತ ಧೈರ್ಯವಾಗಿ ಹೇಳುವುದು ಇದೊಂದರ ಬಗ್ಗೆ ಮಾತ್ರ. ಒಂದು ತಿಂಗಳಿನದು ಮೂರರಲ್ಲಿ ಹೆಚ್ಚು ಆಕರ್ಷಕ, ಹಾಗಾಗಿ ಆತುರಪಡುವುದೂ ಅದಕ್ಕೇ ಜಾಸ್ತಿ. ಮೂರಕ್ಕೂ ಒಂದೇ ಬರಹ ತಿದ್ದಿ ತಿದ್ದಿ ಕಳಿಸುವ ಉಪಾಯ ಮಾತ್ರ ಬೇಡ. ನಾನು ಎರಡನೆಯ ಸಲ ಹಾಗೆ ಮಾಡಲು ಹೋಗಿ ಮೊದಲ ಫೆಲೋಶಿಪ್‌ನ ಹೆಸರನ್ನು ಒಂದು ಕಡೆ ಹಾಗೇ ಬಿಟ್ಟಿದ್ದೆ. ಪುಣ್ಯಕ್ಕೆ ಗೆಳತಿಯ ಕಣ್ಣಿಗೆ ಬಿತ್ತು.

ಆ ಒಂದು ತಿಂಗಳಿನದಕ್ಕೆ ಈ ವರ್ಷ ಮತ್ತೆ ಹಾಕುತ್ತಿದ್ದೇನೆ. ಈಗ ಕಾಲುವೆಯ ಕೆಲಸ ಅರ್ಧ ದಾರಿಯಲ್ಲಿದೆ. ಪತ್ರ ಬರೆದುಕೊಡಿ ಅಂತ ನಿನ್ನೆ ಮೇಲ್ವಿಚಾರಕರಿಗೆ ಫೋನ್ ಮಾಡಿದೆ. ‘ಕೊನೇ ದಿನ ರಾತ್ರಿ ಕೇಳಿಲ್ಲವಲ್ಲ, ಅಷ್ಟೇ ಸಾಕು’ ಅಂದರು. ಇನ್ನೂ ಆರು ವಾರ ಇದೆ.