ಸಹಿ ಹಾಕುವ ಮುನ್ನ: ಗರ್ಭಕೋಶ ತೆಗೆಸಲು ಹೊರಟಿರುವ ಟ್ರಾನ್ಸ್ ಪುರುಷರಿಗೆ ಒಂದು ಎಚ್ಚರಿಕೆ

ನನ್ನ ಎರಡೂ ಅಂಡಾಶಯಗಳು ನನ್ನ ಮೈಯಲ್ಲಿಲ್ಲ ಎಂಬುದು ನನಗೆ ಗೊತ್ತಾದದ್ದು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಂದಲ್ಲ, ಹನ್ನೊಂದು ದಿನಗಳ ನಂತರ ಕೈಸೇರಿದ ಬಯಾಪ್ಸಿ ವರದಿಯಿಂದ. ಗರ್ಭಕೋಶ, ಗರ್ಭಕಂಠ, ಎರಡು ಅಂಡನಾಳ, ಎರಡು ಅಂಡಾಶಯ ಎಂದು ಪ್ರಯೋಗಾಲಯದವರು ಒಂದೊಂದರ ಅಳತೆಯನ್ನೂ ಸೆಂಟಿಮೀಟರಿನಲ್ಲಿ ಬರೆದಿದ್ದರು. ಅಂಡಾಶಯಗಳನ್ನು ಉಳಿಸಿ ಎಂದು ನಾನು ಆ ವೈದ್ಯರಿಗೆ ಎರಡು ಸಲ ಬಾಯಿಬಿಟ್ಟು ಹೇಳಿದ್ದೆ, ಎರಡು ಸಲವೂ ಅವರು ತಲೆಯಾಡಿಸಿದ್ದರು. ಆದರೆ ಕಾಗದದ ಮೇಲೆ ನಾನು ಏನನ್ನೂ ಬರೆಸಿಕೊಂಡಿರಲಿಲ್ಲ. ಇದೇ ದಾರಿಯಲ್ಲಿ ಹೊರಟಿರುವ ನನ್ನ ಅಣ್ಣತಮ್ಮಂದಿರಿಗೆ ಹೀಗಾಗಬಾರದು ಎಂಬ ಒಂದೇ ಕಾರಣಕ್ಕೆ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ಆಸ್ಪತ್ರೆಯ ವಿರುದ್ಧ ನಾನು ಕೊಟ್ಟ ದೂರು ವಿಚಾರಣೆಯಲ್ಲಿರುವುದರಿಂದ ಅದರ ಹೆಸರನ್ನೂ ವೈದ್ಯರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ.

ನಾನೊಬ್ಬ ಟ್ರಾನ್ಸ್ ಪುರುಷ, ಅಂದರೆ ಹುಟ್ಟಿದಾಗ ಹೆಣ್ಣೆಂದು ಬರೆಸಿದ್ದರೂ ಗಂಡಸಾಗಿ ಬಾಳುವವನು. ಹಾಸನ ಜಿಲ್ಲೆಯವನು, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. 2018ರಿಂದ ಗಂಡಸರ ಹಾರ್ಮೋನಾದ ಟೆಸ್ಟೋಸ್ಟೆರಾನ್ ತೆಗೆದುಕೊಳ್ಳುತ್ತಿದ್ದೇನೆ. ಮೂರು ವಾರಕ್ಕೊಮ್ಮೆ, ಎನಾಂಥೇಟ್ ಎಂಬ ರೂಪದಲ್ಲಿ, ಅದರ 250 ಮಿಲಿಗ್ರಾಂ ಚುಚ್ಚುಮದ್ದು. ಹೆಚ್ಚಿನವರಿಗೆ ಕೆಲವು ತಿಂಗಳಲ್ಲೇ ಮುಟ್ಟು ನಿಂತುಹೋಗುತ್ತದೆ. ನನಗೆ ಪೂರ್ತಿಯಾಗಿ ನಿಲ್ಲಲೇ ಇಲ್ಲ. ಗಡ್ಡ ಬಂದು ದನಿ ಒಡೆದ ಮೇಲೂ ಎರಡು ಮೂರು ತಿಂಗಳಿಗೊಮ್ಮೆ ಕಿಬ್ಬೊಟ್ಟೆ ಹಿಂಡುವ ನೋವು ಮತ್ತು ರಕ್ತ ಕಾಣಿಸಿಕೊಳ್ಳುತ್ತಿತ್ತು. ಗಂಡಸರ ಪಿ.ಜಿ.ಯಲ್ಲಿ, ಗಂಡಸರ ಶೌಚಾಲಯವನ್ನು ಬಳಸುತ್ತಾ ಆ ದಿನಗಳನ್ನು ಕಳೆಯುವುದು ಏನೆಂದು ಬಲ್ಲವರೇ ಬಲ್ಲರು. ಗರ್ಭಕೋಶ ತೆಗೆಸಬೇಕೆಂದು ನಾನು ತೀರ್ಮಾನಿಸಿದ್ದು ಆ ನೋವಿನಿಂದಲೇ ಹೊರತು ಗಂಡಸೆನ್ನಿಸಿಕೊಳ್ಳುವುದಕ್ಕಲ್ಲ. ಎಷ್ಟೋ ಟ್ರಾನ್ಸ್ ಪುರುಷರು ಅದನ್ನು ತೆಗೆಸದೆಯೇ ನೆಮ್ಮದಿಯಾಗಿ ಬಾಳುತ್ತಾರೆ. ಲಿಂಗತ್ವವನ್ನು ಮಾನ್ಯ ಮಾಡಲು ಶಸ್ತ್ರಚಿಕಿತ್ಸೆಯನ್ನು ಒತ್ತಾಯಿಸುವುದು ಕಾನೂನುಬಾಹಿರವೆಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲೇ ಹೇಳಿದೆ.

ನನ್ನ ತೀರ್ಮಾನ ಸರಿಯಾಗಿಯೇ ಇತ್ತು ಎಂದು ಇಂದಿಗೂ ನಂಬುತ್ತೇನೆ. ತಪ್ಪಿದ್ದು ಅಲ್ಲಿಂದ ಮುಂದಿನ ದಾರಿ. ಟ್ರಾನ್ಸ್ ಪುರುಷರಿಗೆ ಶಸ್ತ್ರಚಿಕಿತ್ಸೆ ಮಾಡುವ ಸ್ತ್ರೀರೋಗ ತಜ್ಞರು ಯಾರಿದ್ದಾರೆಂದು ಹುಡುಕುತ್ತಿದ್ದಾಗ, ಪರಿಚಿತರೊಬ್ಬರ ಮೂಲಕ ಒಬ್ಬ ಮಧ್ಯವರ್ತಿ ಸಿಕ್ಕಿದ. ಆಸ್ಪತ್ರೆ ಗೊತ್ತುಮಾಡಿಕೊಡಲು ಅವನು ಇಪ್ಪತ್ತು ಸಾವಿರ ಮುಂಗಡ ಕೇಳಿದ. ನಾನು ಹಿಂದೆಮುಂದೆ ನೋಡಿದಾಗ ಎರಡು ಮಾತು ಹೇಳಿ ಹೆದರಿಸಿದ. ಟೆಸ್ಟೋಸ್ಟೆರಾನ್ ಶುರುಮಾಡಿ ಐದು ವರ್ಷ ತುಂಬುವುದರೊಳಗೆ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆಸದಿದ್ದರೆ ಕ್ಯಾನ್ಸರ್ ಖಚಿತ ಎಂಬುದು ಮೊದಲನೆಯದು. ಅದನ್ನು ತೆಗೆಸದೆ ಜಿಲ್ಲಾಧಿಕಾರಿ ಕಚೇರಿಯಿಂದ ಪುರುಷನೆಂಬ ಗುರುತಿನ ಪತ್ರ ಸಿಗುವುದೇ ಇಲ್ಲ ಎಂಬುದು ಎರಡನೆಯದು.

ಎರಡೂ ಸುಳ್ಳು. ಹಿಂದೆ ಕೆಲವು ವೈದ್ಯರು ಮುನ್ನೆಚ್ಚರಿಕೆಯೆಂದು ಹಾಗೆ ಸಲಹೆ ಕೊಡುತ್ತಿದ್ದದ್ದು ನಿಜ. ಆದರೆ ಟೆಸ್ಟೋಸ್ಟೆರಾನ್ ತೆಗೆದುಕೊಳ್ಳುತ್ತಾರೆಂಬ ಒಂದೇ ಕಾರಣಕ್ಕೆ ಎಲ್ಲರ ಗರ್ಭಕೋಶವನ್ನೂ ತೆಗೆಯಬೇಕೆನ್ನಲು ಆಧಾರವಿಲ್ಲ. ಗರ್ಭಕಂಠ ಇರುವವರು ಕಾಲಕಾಲಕ್ಕೆ ಅದರ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಳ್ಳಬೇಕು, ಅಷ್ಟೇ. ಗುರುತಿನ ಪತ್ರದ ವಿಷಯದಲ್ಲಿ, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ 2019ರ ಕಾಯ್ದೆಯ 7ನೇ ಸೆಕ್ಷನ್ ಶಸ್ತ್ರಚಿಕಿತ್ಸೆಯ ಮಾತನ್ನಾಡಿದರೂ, ಆಗ ಜಾರಿಯಲ್ಲಿದ್ದ 2020ರ ನಿಯಮಗಳು ಆಪ್ತಸಮಾಲೋಚನೆಯನ್ನೂ ಹಾರ್ಮೋನ್ ಚಿಕಿತ್ಸೆಯನ್ನೂ ಆ ಪತ್ರಕ್ಕೆ ಬೇಕಾದ ವೈದ್ಯಕೀಯ ನೆರವೆಂದೇ ಪರಿಗಣಿಸಿದ್ದವು. ಕ್ಯಾನ್ಸರಿನ ಹೆಸರು ಹೇಳಿ ಗರ್ಭಕೋಶ ತೆಗೆಸುವುದು ನಮ್ಮ ನಾಡಿಗೆ ಹೊಸತಲ್ಲ. ಹಾವೇರಿ ಜಿಲ್ಲೆಯ ಲಂಬಾಣಿ ಹೆಂಗಸರು, ಪಕ್ಕದ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರು ಇದೇ ಭಯಕ್ಕೆ ಒಳಗಾಗಿ ಗರ್ಭಕೋಶ ಕಳೆದುಕೊಂಡ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ನನಗೆ ಶಸ್ತ್ರಚಿಕಿತ್ಸೆಯಾದ ಎರಡೇ ತಿಂಗಳಿಗೆ, 2023ರ ಏಪ್ರಿಲ್‌ನಲ್ಲಿ, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಸೂಚಿಸಿತು. ಆ ಹೆಂಗಸರ ಸಂಕಟಕ್ಕೂ ನನ್ನ ಸಂಕಟಕ್ಕೂ ಬೇರು ಒಂದೇ ಎಂದು ನನಗೆ ಅನ್ನಿಸುತ್ತದೆ: ಮೈ ಯಾರದೋ ಅವರಿಗೆ ಪೂರ್ತಿ ವಿಷಯವನ್ನು ಯಾರೂ ಹೇಳುವುದಿಲ್ಲ.

ಈ ಶಸ್ತ್ರಚಿಕಿತ್ಸೆಗೆ ನಾನು ತಕ್ಕವನೆಂದು ಮನೋವೈದ್ಯರು ಬರೆದುಕೊಡುವ ಪತ್ರಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಆಸ್ಪತ್ರೆಯವರು ಎರಡು ಪತ್ರ ಕೇಳಿದರು, ತಂದುಕೊಟ್ಟೆ. 2022ರ ಸೆಪ್ಟೆಂಬರ್‌ನಲ್ಲಿ ಬಂದ, ಟ್ರಾನ್ಸ್ ಜನರ ಚಿಕಿತ್ಸೆಯ ಅಂತಾರಾಷ್ಟ್ರೀಯ ಮಾರ್ಗಸೂಚಿಯ ಎಂಟನೆಯ ಆವೃತ್ತಿ ಒಂದು ಪತ್ರ ಸಾಕೆನ್ನುತ್ತದೆ ಎಂಬುದನ್ನು ನಾನು ಆಮೇಲೆ ತಿಳಿದುಕೊಂಡೆ.

ಆದರೆ ಅವರು ಕೇಳಿದ ಮೂರನೆಯ ಕಾಗದ ನನ್ನನ್ನು ಕಂಗೆಡಿಸಿತು. ತಂದೆ ಬಂದು ಸಹಿ ಹಾಕದಿದ್ದರೆ ಶಸ್ತ್ರಚಿಕಿತ್ಸೆ ಇಲ್ಲ ಎಂದರು. ಆಗ ನನಗೆ ಇಪ್ಪತ್ತೊಂಬತ್ತು ವರ್ಷ. 2002ರ ವೈದ್ಯಕೀಯ ವೃತ್ತಿನಿಯಮಗಳ ಪ್ರಕಾರ ಸಂತಾನಶಕ್ತಿ ಹೋಗುವಂಥ ಶಸ್ತ್ರಚಿಕಿತ್ಸೆಗೆ ಗಂಡ ಹೆಂಡತಿ ಇಬ್ಬರ ಒಪ್ಪಿಗೆಯೂ ಬೇಕು, ಅಪ್ರಾಪ್ತರಾದರೆ ತಂದೆತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು. ಮದುವೆಯಾಗದ ವಯಸ್ಕನಿಗೆ ಅವನ ಒಪ್ಪಿಗೆಯೇ ಸಾಕು. ನನಗೆ ಅದು ಗೊತ್ತಿರಲಿಲ್ಲ. ನಾಲ್ಕು ವರ್ಷ ನನ್ನೊಂದಿಗೆ ಮಾತು ಬಿಟ್ಟಿದ್ದ ಅಪ್ಪನಿಗೆ ಫೋನ್ ಮಾಡಿ ಬೇಡಿಕೊಂಡೆ. ಅವರು ರಾತ್ರಿ ಬಸ್ಸು ಹಿಡಿದು ಬೆಳಗಿನ ಜಾವ ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತರು. ಕೌಂಟರಿನಲ್ಲಿ ಕಾಗದವನ್ನು ಮುಂದೆ ಸರಿಸಿದಾಗ, "ಮೈ ಅವನದು, ನೋವೂ ಅವನದು. ನನ್ನ ಸಹಿ ಯಾಕೆ ಬೇಕು ಸ್ವಾಮಿ?" ಎಂದು ಕೇಳಿದರು. ಅಪ್ಪ ನನ್ನನ್ನು 'ಅವನು' ಎಂದದ್ದನ್ನು ನಾನು ಕೇಳಿದ್ದು ಅಂದೇ ಮೊದಲು. ಉತ್ತರ ಸಿಗದಿದ್ದರೂ ಕೊನೆಗೆ ಸಹಿ ಹಾಕಿದರು.

ಇನ್ನು ನನ್ನ ಸಹಿಯ ವಿಷಯ. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಸುಮಾರು ಹತ್ತು ಗಂಟೆಗೆ ದಾದಿಯೊಬ್ಬರು ಇಂಗ್ಲಿಷಿನಲ್ಲಿ ಮುದ್ರಿಸಿದ ಆರು ಹಾಳೆಗಳನ್ನು ತಂದು, ಗುರುತು ಹಾಕಿದ ಕಡೆಯೆಲ್ಲ ಸಹಿ ಮಾಡಿ ಎಂದರು. ಎರಡನೆಯ ಹಾಳೆಯಲ್ಲಿ ಶಸ್ತ್ರಚಿಕಿತ್ಸೆಯ ಹೆಸರು ಬರೆಯಬೇಕಾದ ಜಾಗ ಖಾಲಿಯಿತ್ತು. ಇದೇಕೆ ಹೀಗೆ ಎಂದು ಕೇಳಿದೆ. ಬೆಳಿಗ್ಗೆ ಡಾಕ್ಟರು ತುಂಬುತ್ತಾರೆ ಎಂದರು. ವೈದ್ಯರನ್ನು ಕಾಣಬೇಕೆಂದೆ, ಅವರು ಮನೆಗೆ ಹೋಗಿದ್ದಾರೆ, ಈಗ ಸಹಿಯಾಗದಿದ್ದರೆ ನಾಳೆಯ ಪಟ್ಟಿಯಿಂದ ಹೆಸರು ಹೋಗುತ್ತದೆ ಎಂದರು. ಕೆಲಸದಲ್ಲಿ ರಜೆ ಹಾಕಿ, ಸಹಕಾರ ಸಂಘದಲ್ಲಿ ಒಂದೂವರೆ ಲಕ್ಷ ಸಾಲ ಮಾಡಿ, ಅಪ್ಪನನ್ನು ಊರಿನಿಂದ ಕರೆಸಿಕೊಂಡು ಅಲ್ಲಿ ಮಲಗಿದ್ದವನಿಗೆ ಮತ್ತೊಂದು ತಾರೀಖು ಎಂಬ ಮಾತನ್ನು ಕೇಳುವ ಶಕ್ತಿಯಿರಲಿಲ್ಲ. ಸಹಿ ಹಾಕಿದೆ. ಮರುದಿನ ಆ ಖಾಲಿ ಜಾಗದಲ್ಲಿ ಯಾರೋ 'ಟಿಎಲ್ಎಚ್ + ಬಿಎಸ್ಒ' ಎಂದು ಬರೆದಿದ್ದಾರೆ. ಮೊದಲಿನ ಮೂರು ಅಕ್ಷರಗಳೆಂದರೆ ಉದರದರ್ಶಕದ (ಲ್ಯಾಪರೋಸ್ಕೋಪ್) ಮೂಲಕ ಗರ್ಭಕೋಶವನ್ನೂ ಗರ್ಭಕಂಠವನ್ನೂ ಪೂರ್ತಿಯಾಗಿ ತೆಗೆಯುವುದು. ನಂತರದ ಮೂರು ಅಕ್ಷರಗಳೆಂದರೆ ಎರಡೂ ಕಡೆಯ ಅಂಡನಾಳ ಮತ್ತು ಅಂಡಾಶಯಗಳನ್ನು ತೆಗೆಯುವುದು. ಆ ಮೂರು ಅಕ್ಷರಗಳ ಅರ್ಥವನ್ನು ಪ್ರತಿಯೊಬ್ಬರೂ ಕಲಿತುಕೊಂಡೇ ಆಸ್ಪತ್ರೆಗೆ ಹೋಗಿ.

ಅಂಡಾಶಯ ಉಳಿಸಿಕೊಳ್ಳಬೇಕೆಂದು ನಾನು ಬಯಸಿದ್ದಕ್ಕೆ ಕಾರಣವಿತ್ತು. ಎರಡೂ ಅಂಡಾಶಯಗಳು ಹೋದ ಮೇಲೆ ದೇಹ ತಾನಾಗಿ ಸಾಕಷ್ಟು ಲೈಂಗಿಕ ಹಾರ್ಮೋನು ತಯಾರಿಸಲಾರದು. ಹೊರಗಿನಿಂದ ಕೊಡುವ ಟೆಸ್ಟೋಸ್ಟೆರಾನ್ ತಪ್ಪಿದರೆ ಮೂಳೆಗಳು ಸವೆಯತೊಡಗುತ್ತವೆ. ಕೆಲಸ ಹೋದರೆ, ಔಷಧ ಸಿಗದಿದ್ದರೆ, ರಕ್ತ ಗಟ್ಟಿಯಾಗುತ್ತಿದೆ ಎಂದು ವೈದ್ಯರು ಚುಚ್ಚುಮದ್ದನ್ನು ಕೆಲಕಾಲ ನಿಲ್ಲಿಸಿದರೆ, ಅಂಡಾಶಯಗಳು ಆಸರೆಯಾಗಿರುತ್ತವೆ. ಮುಂದೆ ಎಂದಾದರೂ ಸ್ವಂತ ಮಗು ಬೇಕೆನ್ನಿಸಿದರೆ ಅಂಡಾಣುವಿನ ದಾರಿಯೂ ಅಲ್ಲೇ ಇರುವುದು. ಎರಡನ್ನೂ ತೆಗೆಸಲು ಬಯಸುವವರಿಗೂ ಅವರದೇ ಆದ ನ್ಯಾಯವಾದ ಕಾರಣಗಳಿರುತ್ತವೆ. ನಾನು ಅದರ ವಿರೋಧಿಯಲ್ಲ. ಆಯ್ಕೆ ನನ್ನದಾಗಿರಬೇಕಿತ್ತು. ನಾನು ಹೆದರಿದ್ದೇ ಆಯಿತು: 2023ರ ಕೊನೆಯಲ್ಲಿ ಕೆಲಸ ಹೋಗಿ ಮೂರು ತಿಂಗಳು ಚುಚ್ಚುಮದ್ದು ತಪ್ಪಿದಾಗ, ರಾತ್ರಿಯಿಡೀ ಮೈ ಬೆಂಕಿಯಾಗಿ ಬೆವರಿ ಹಾಸಿಗೆ ಒದ್ದೆಯಾಗುತ್ತಿತ್ತು. ಈಗ ಮೂಳೆಯ ಸಾಂದ್ರತೆಯ ಪರೀಕ್ಷೆ ಮಾಡಿಸಿಕೊಳ್ಳುತ್ತಾ, ಒಂದು ಚುಚ್ಚುಮದ್ದೂ ತಪ್ಪದಂತೆ ನೋಡಿಕೊಳ್ಳುತ್ತಿದ್ದೇನೆ.

ವಿಮೆಯ ವಿಷಯದಲ್ಲೂ ಮೋಸಹೋದೆ. ನಮ್ಮ ದೇಶದ ಹೆಚ್ಚಿನ ಆರೋಗ್ಯ ವಿಮೆಗಳಲ್ಲಿ ಲಿಂಗ ಬದಲಾವಣೆಯ ಚಿಕಿತ್ಸೆ 7ನೇ ಸಂಖ್ಯೆಯ ಹೊರಗಿಡುವಿಕೆಯ ಷರತ್ತಿನಡಿ ಬರುತ್ತದೆ, ಅಂದರೆ ಅದಕ್ಕೆ ವಿಮೆಯ ಹಣ ಸಿಗುವುದಿಲ್ಲ. ಆಸ್ಪತ್ರೆಯ ವಿಮಾ ವಿಭಾಗದವರು, ಅತಿಯಾದ ರಕ್ತಸ್ರಾವ ಎಂದಷ್ಟೇ ಬರೆದು ಕಳಿಸುತ್ತೇವೆ, ಚಿಂತೆ ಬೇಡ ಎಂದರು. ನನ್ನದೇ ಕಡತದಲ್ಲಿದ್ದ ಮನೋವೈದ್ಯರ ಪತ್ರಗಳನ್ನು ವಿಮಾ ಕಂಪನಿ ನೋಡದೆ ಬಿಡಲಿಲ್ಲ. ವಿಷಯ ಮುಚ್ಚಿಟ್ಟಿದ್ದಾರೆಂಬ ಷರಾ ಬಂದು, ಕೊಡಬೇಕಾದ ಹಣವೆಲ್ಲ ನನ್ನ ತಲೆಯ ಮೇಲೆ ಬಂತು. ನಿಮಗೆ ನಿಜವಾಗಿಯೂ ರಕ್ತಸ್ರಾವ, ಗಡ್ಡೆ ಅಥವಾ ನೋವಿನ ತೊಂದರೆಯಿದ್ದರೆ ಅದಕ್ಕೆ ಮೊದಲಿನಿಂದಲೂ ತಪಾಸಣೆ, ಸ್ಕ್ಯಾನ್, ಚಿಕಿತ್ಸೆಗಳ ದಾಖಲೆ ಇರಲಿ; ಇಲ್ಲದ ಕಾರಣವನ್ನು ಆಸ್ಪತ್ರೆಯವರು ಹುಟ್ಟಿಸಿ ಬರೆಯುವುದಕ್ಕೆ ಒಪ್ಪಬೇಡಿ. 2022ರ ಆಗಸ್ಟ್‌ನಲ್ಲಿ ಆಯುಷ್ಮಾನ್ ಭಾರತ್ ಅಡಿಯಲ್ಲಿ ಟ್ರಾನ್ಸ್ ಸಮುದಾಯಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಸೌಲಭ್ಯವನ್ನು ಕೇಂದ್ರ ಘೋಷಿಸಿತ್ತು. ನಾನು ವಿಚಾರಿಸಿದ ಮೂರು ಆಸ್ಪತ್ರೆಗಳಲ್ಲಿ ಒಂದರಲ್ಲೂ ಅದರ ಹೆಸರು ಕೇಳಿದವರಿರಲಿಲ್ಲ.

ಮೂರನೆಯ ದಿನ ನನ್ನನ್ನು ಮನೆಗೆ ಕಳಿಸಿದರು. ಡಿಸ್ಚಾರ್ಜ್ ಕಾಗದದಲ್ಲಿ ನನ್ನ ಹಳೆಯ ಹೆಸರು, ಲಿಂಗ ಹೆಣ್ಣು ಎಂದಿತ್ತು. ಹೊರಗಿನ ಹೊಲಿಗೆಗಳ ಬಗ್ಗೆ ಎರಡು ಸಾಲು ಬಿಟ್ಟರೆ ಬೇರೆ ಸೂಚನೆಯಿರಲಿಲ್ಲ. ಒಳಗೆ, ಯೋನಿಯ ಮೇಲ್ತುದಿಯಲ್ಲಿಯೂ ಹೊಲಿಗೆ ಹಾಕಿರುತ್ತಾರೆ, ಸುಮಾರು ಆರು ವಾರ ಭಾರ ಎತ್ತಬಾರದು ಎಂದು ಯಾರೂ ಹೇಳಲಿಲ್ಲ. ವರ್ಷಗಟ್ಟಲೆ ಟೆಸ್ಟೋಸ್ಟೆರಾನ್ ತೆಗೆದುಕೊಂಡವರಲ್ಲಿ ಆ ಭಾಗದ ಚರ್ಮ ತೆಳುವಾಗಿರುವುದರಿಂದ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮೂರನೆಯ ವಾರ ಗ್ಯಾಸ್ ಸಿಲಿಂಡರನ್ನು ಒಳಗೆ ಎಳೆದುಕೊಂಡ ದಿನವೇ ರಕ್ತ ಸುರಿಯತೊಡಗಿತು. ಆಸ್ಪತ್ರೆಯವರು ಫೋನ್ ಎತ್ತಲಿಲ್ಲ. ಹತ್ತಿರದ ಇನ್ನೊಂದು ಆಸ್ಪತ್ರೆಗೆ ಹೋದರೆ, ಅಲ್ಲಿ ಮಾಡಿಸಿದ ಚೀಟಿಯಲ್ಲಿ ಗಂಡು ಎಂದಿರುವವನನ್ನು ಸ್ತ್ರೀರೋಗ ವಿಭಾಗಕ್ಕೆ ಕಳಿಸುವುದು ಹೇಗೆಂದು ಅಲ್ಲಿನವರು ಮುಕ್ಕಾಲು ಗಂಟೆ ಚರ್ಚಿಸಿದರು. ಕೊನೆಗೆ ಒಬ್ಬ ಕಿರಿಯ ವೈದ್ಯೆ ಪರದೆ ಎಳೆದು, "ಅಣ್ಣಾ, ಏನಾಯಿತು ಹೇಳಿ" ಎಂದು ಕೇಳಿ, ಪರೀಕ್ಷಿಸಿ, ಬಿಟ್ಟುಕೊಂಡಿದ್ದ ಒಂದು ಹೊಲಿಗೆಯನ್ನು ಸರಿಪಡಿಸಿದರು. ಆ ತಾಯಿಯನ್ನು ನಾನು ಮರೆಯಲಾರೆ. ಶಸ್ತ್ರಚಿಕಿತ್ಸೆಯ ನಂತರ ಜೋರು ರಕ್ತಸ್ರಾವ, ಕೆಟ್ಟ ವಾಸನೆಯ ಸ್ರಾವ ಅಥವಾ ಜ್ವರ ಬಂದರೆ ನಾಚಿಕೆಯಿಂದ ಮನೆಯಲ್ಲಿ ಕುಳಿತುಕೊಳ್ಳಬೇಡಿ. ತುರ್ತಿಗೆ ಯಾರನ್ನು ಕರೆಯಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನು ದಾಖಲಾಗುವ ಮೊದಲೇ ಬರೆಸಿಕೊಳ್ಳಿ.

ಬಯಾಪ್ಸಿ ವರದಿ ಹಿಡಿದುಕೊಂಡು ಆ ವೈದ್ಯರ ಬಳಿಗೆ ಹೋದಾಗ, "ನಿಮಗೆ ಅದು ಯಾತಕ್ಕೆ ಬೇಕಿತ್ತು? ಹೇಗೂ ಗಂಡಾಗಬೇಕಲ್ಲ" ಎಂದರು. ವಾದಿಸದೆ ಕಡತದ ನಕಲು ಕೇಳಿದೆ. 2002ರ ಅದೇ ನಿಯಮಗಳಂತೆ ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಅವುಗಳನ್ನು ಕಾದಿಡಬೇಕಾದದ್ದು ಚಿಕಿತ್ಸೆ ಶುರುವಾದಂದಿನಿಂದ ಮೂರು ವರ್ಷ ಮಾತ್ರ, ಆದ್ದರಿಂದ ತಡಮಾಡಬೇಡಿ. ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷದೊಳಗೆ ಹೋಗಬೇಕು. ಖಾಸಗಿ ಆಸ್ಪತ್ರೆಗಳ ಮೇಲಿನ ದೂರಿಗೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾ ಮಟ್ಟದ ಪ್ರಾಧಿಕಾರವಿದೆ, ವೈದ್ಯರ ನಡತೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿದೆ. ನನ್ನ ವಕೀಲರು ಆಧಾರವಾಗಿ ಇಟ್ಟುಕೊಂಡಿರುವುದು ಸುಪ್ರೀಂ ಕೋರ್ಟಿನ 2008ರ ಜನವರಿ 16ರ ತೀರ್ಪನ್ನು. ಪರೀಕ್ಷೆಗೆಂದು ಅರಿವಳಿಕೆ ಪಡೆದು ಮಲಗಿದ್ದ ದೆಹಲಿಯ ಮಹಿಳೆಯೊಬ್ಬರ ಗರ್ಭಕೋಶ, ಅಂಡಾಶಯಗಳನ್ನು ಅವರ ತಾಯಿಯ ಒಪ್ಪಿಗೆ ಕೇಳಿ ತೆಗೆದದ್ದು ಸರಿಯಲ್ಲ, ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದು ಎಂದು ಅದರಲ್ಲಿ ಹೇಳಿದೆ.

ಕಳೆದ ತಿಂಗಳು ಚಿತ್ರದುರ್ಗದ ಕಡೆಯ ತಮ್ಮನೊಬ್ಬ ಇದೇ ಶಸ್ತ್ರಚಿಕಿತ್ಸೆಗೆ ದಾಖಲಾಗುವಾಗ ನಾನೂ ಜೊತೆಗೆ ಹೋಗಿದ್ದೆ. ಖಾಲಿ ಬಿಟ್ಟ ಜಾಗಗಳಿಗೆಲ್ಲ ಅವನು ಅಡ್ಡಗೆರೆ ಎಳೆದ. ಕೆಳಗೆ ತನ್ನ ಕೈಬರಹದಲ್ಲಿ, "ಗರ್ಭಕೋಶ, ಗರ್ಭಕಂಠ ಮತ್ತು ಅಂಡನಾಳಗಳನ್ನು ಮಾತ್ರ ತೆಗೆಯಲು ಒಪ್ಪಿದ್ದೇನೆ, ಎರಡೂ ಅಂಡಾಶಯಗಳು ಉಳಿಯಬೇಕು, ಪ್ರಾಣಾಪಾಯದ ಹೊರತು ಇದನ್ನು ಬದಲಿಸಕೂಡದು" ಎಂದು ಕನ್ನಡದಲ್ಲಿ ಬರೆದ. ವೈದ್ಯರು ಅದನ್ನು ಓದಿ, ತಾರೀಖು ಹಾಕಿ ಸಹಿ ಮಾಡಿದರು. ಮೊಬೈಲಿನಲ್ಲಿ ಅದರ ಚಿತ್ರ ತೆಗೆದುಕೊಂಡ ಮೇಲೆಯೇ ಅವನು ಬಟ್ಟೆ ಬದಲಿಸಿಕೊಳ್ಳಲು ಒಳಗೆ ಹೋದ.