750 ಅಡಿಯ ಕಾವಲು: ಸೈಪ್ರೆಸ್ 2 ಜೊತೆ ಏಳು ವರ್ಷ

ಏಳು ವರ್ಷಗಳಿಂದ ನನ್ನ ಪ್ಯಾರಾಚೂಟ್ ಚೀಲದೊಳಗೆ ಕುಳಿತಿರುವ ಸೈಪ್ರೆಸ್ 2 ಎಂಬ, ತುರ್ತಿನಲ್ಲಿ ಎರಡನೆಯ ಪ್ಯಾರಾಚೂಟನ್ನು ತಾನಾಗಿ ಬಿಚ್ಚುವ ಉಪಕರಣ ಈವರೆಗೆ ಒಮ್ಮೆಯೂ ತನ್ನ ಮುಖ್ಯ ಕೆಲಸವನ್ನು ಮಾಡಿಲ್ಲ. ಮಾಡಬೇಕಾದ ಪ್ರಸಂಗ ಬಾರದಿರಲೆಂದೇ ಎಲ್ಲರೂ ಅದನ್ನು ಕೊಳ್ಳುತ್ತಾರೆ. ಹಾಗಾಗಿ ಇದರ ವಿಮರ್ಶೆ ಒಂದು ಕ್ಯಾಮೆರಾದ ಅಥವಾ ಕೈಗಡಿಯಾರದ ವಿಮರ್ಶೆಯಂತೆ ಇರಲಾರದು. ಅದು ಏನು ಮಾಡುತ್ತದೆ, ಏನು ಮಾಡಲಾರದು ಎಂಬುದರ ಜೊತೆಗೆ, ಅದನ್ನು ಹೊತ್ತವರ ಲೆಕ್ಕಾಚಾರವನ್ನು ಅದು ಹೇಗೆ ಸದ್ದಿಲ್ಲದೆ ಬದಲಿಸುತ್ತದೆ ಎಂಬುದನ್ನೂ ಹೇಳದೆ ಹೋದರೆ, ಕೊಳ್ಳಲು ಹೊರಟವರಿಗೆ ನಾನು ಅರ್ಧ ಮಾತನ್ನಷ್ಟೇ ಹೇಳಿದಂತಾಗುತ್ತದೆ.

ಸ್ಕೈಡೈವಿಂಗ್ ಮಾಡುವವರ ಬೆನ್ನ ಮೇಲೆ ಎರಡು ಪ್ಯಾರಾಚೂಟ್‌ಗಳಿರುತ್ತವೆ. ಮೊದಲು ಬಿಚ್ಚುವುದು ಮೇನ್. ಅದು ಕೈಕೊಟ್ಟರೆ ರಿಸರ್ವ್. ಜಿಗಿದವರು ಪ್ರಜ್ಞೆ ತಪ್ಪಿದರೆ, ಎತ್ತರದ ಪರಿವೆ ಕಳೆದುಕೊಂಡರೆ, ಅಥವಾ ಹ್ಯಾಂಡಲ್‌ಗೆ ಕೈ ಎಟುಕದಿದ್ದರೆ ರಿಸರ್ವನ್ನು ತಾನಾಗಿ ಬಿಚ್ಚುವ ಸಾಧನಗಳಿಗೆ ಎಎಡಿ ಎನ್ನುತ್ತಾರೆ. ಜರ್ಮನಿಯ ಏರ್‌ಟೆಕ್ ಕಂಪನಿಯ ಹೆಲ್ಮುಟ್ ಕ್ಲೋತ್ ಅವರು ರೂಪಿಸಿದ ಸೈಪ್ರೆಸ್ 1991ರಲ್ಲಿ ಮಾರುಕಟ್ಟೆಗೆ ಬಂದಿತು. ಅದಕ್ಕೂ ಮೊದಲಿನ ಯಾಂತ್ರಿಕ ಸಾಧನಗಳು ರಿಸರ್ವ್ ಚೀಲದ ಪಿನ್ನನ್ನು ಎಳೆದು ತೆಗೆಯುತ್ತಿದ್ದವು. ಸೈಪ್ರೆಸ್ ಪಿನ್ನಿನ ತಂಟೆಗೇ ಹೋಗುವುದಿಲ್ಲ. ಚೀಲದ ಮಡಿಕೆಗಳನ್ನು ಬಿಗಿಹಿಡಿದಿರುವ ದಾರದ ಲೂಪ್ ಒಂದು ಪುಟ್ಟ ಲೋಹದ ಕೊಳವೆಯ ಮೂಲಕ ಹಾದುಹೋಗುತ್ತದೆ. ಆ ಕೊಳವೆಯೊಳಗಿನ ಚಿಟಿಕೆಯಷ್ಟು ಸಿಡಿಮದ್ದು ಅಲಗನ್ನು ಮುಂದಕ್ಕೆ ತಳ್ಳಿ ಲೂಪನ್ನು ಕತ್ತರಿಸುತ್ತದೆ. ಕೈಯಿಂದ ರಿಸರ್ವ್ ಬಿಚ್ಚುವ ದಾರಿಗೆ ಇದರಿಂದ ಯಾವ ಅಡ್ಡಿಯೂ ಇಲ್ಲ. ಈ ಉಪಕರಣದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾಗಿರುವ ಸಂಗತಿ ಇದೇ.

ನನ್ನಲ್ಲಿರುವುದು ಎಕ್ಸ್‌ಪರ್ಟ್ ಮಾದರಿ. ನೆಲದಿಂದ ಸುಮಾರು 750 ಅಡಿ, ಅಂದರೆ 225 ಮೀಟರ್ ಎತ್ತರದಲ್ಲಿ, ಕೆಳಗಿಳಿಯುವ ವೇಗ ಸೆಕೆಂಡಿಗೆ 35 ಮೀಟರ್ ಮೀರಿದ್ದರೆ ಅದು ಲೂಪನ್ನು ಕತ್ತರಿಸುತ್ತದೆ. ವಿದ್ಯಾರ್ಥಿಗಳ ಮಾದರಿಗೆ ಸೆಕೆಂಡಿಗೆ 13 ಮೀಟರ್ ವೇಗವೇ ಸಾಕು. ಇಬ್ಬರು ಒಟ್ಟಿಗೆ ಜಿಗಿಯುವ ಟ್ಯಾಂಡಮ್ ಮಾದರಿ 1,900 ಅಡಿಯಲ್ಲೇ ಎಚ್ಚೆತ್ತುಕೊಳ್ಳುತ್ತದೆ. ಪುಟ್ಟ ಕ್ಯಾನೊಪಿಗಳಲ್ಲಿ (ಬಿಚ್ಚಿಕೊಂಡ ಪ್ಯಾರಾಚೂಟ್‌ಗಳಲ್ಲಿ) ನೆಲದ ಸಮೀಪ ರಭಸದ ತಿರುವು ತೆಗೆದುಕೊಳ್ಳುವವರಿಗಾಗಿ ಇರುವ ಸ್ಪೀಡ್ ಮಾದರಿಯಲ್ಲಿ ಈ ಮಿತಿ ಸೆಕೆಂಡಿಗೆ 46 ಮೀಟರ್, ಏಕೆಂದರೆ ಅಂಥ ತಿರುವಿನಲ್ಲಿ ಪೂರ್ತಿ ಬಿಚ್ಚಿಕೊಂಡ ಪ್ಯಾರಾಚೂಟ್ ಕೆಳಗೂ 35 ಮೀಟರ್ ವೇಗ ದಾಟುವ ಸಾಧ್ಯತೆಯಿದೆ. ತಮ್ಮ ಜಿಗಿತದ ಬಗೆಗೆ ಹೊಂದದ ಮಾದರಿಯನ್ನು ಯಾರೂ ಎರವಲು ಪಡೆಯಬಾರದು.

ಬಳಕೆ ಸರಳ, ಆದರೆ ಅಡ್ಡದಾರಿಗಳಿಲ್ಲ. ಬೆರಳ ತುದಿಯಷ್ಟಿರುವ ಬಟನ್ ಒಮ್ಮೆ ಒತ್ತಬೇಕು. ಕೆಂಪು ದೀಪ ಮಿನುಗಿದ ಕೂಡಲೇ ಮತ್ತೆ ಒತ್ತಬೇಕು. ಹೀಗೆ ಒಟ್ಟು ನಾಲ್ಕು ಬಾರಿ. ಅವಸರ ಮಾಡಿದರೂ ತಡ ಮಾಡಿದರೂ ಅದು ಒಪ್ಪುವುದಿಲ್ಲ. ಒಪ್ಪಿದರೆ ಪರದೆಯ ಮೇಲೆ ಅಂಕಿಗಳು 10ರಿಂದ ಇಳಿಯುತ್ತ ಬಂದು ಸೊನ್ನೆಯಲ್ಲಿ ನಿಲ್ಲುತ್ತವೆ. ಆ ಸೊನ್ನೆಯ ಅರ್ಥ, ಈಗ ನಿಂತಿರುವ ನೆಲವೇ ನೆಲ ಎಂದು ಅದು ಗಾಳಿಯ ಒತ್ತಡದಿಂದ ಗುರುತು ಮಾಡಿಕೊಂಡಿದೆ ಎಂಬುದು. ಆದ್ದರಿಂದ ಅದನ್ನು ಜಿಗಿತದ ಮೈದಾನದಲ್ಲೇ ಚಾಲೂ ಮಾಡಬೇಕು. ಮನೆಯಲ್ಲಿ ಚಾಲೂ ಮಾಡಿಕೊಂಡು ಬೆಟ್ಟ ಇಳಿದು ಬಂದರೆ, ಅಥವಾ ಮೈದಾನದ ಹೊರಗೆ ಇಳಿದು ವಾಹನದಲ್ಲಿ ಮರಳಿದರೆ, ಒಮ್ಮೆ ಆರಿಸಿ ಮತ್ತೆ ಚಾಲೂ ಮಾಡುವುದು ಕಡ್ಡಾಯ. 14 ಗಂಟೆಗಳ ನಂತರ ಅದು ತಾನಾಗಿ ಆರುತ್ತದೆ. ಇಳಿಯುವ ಜಾಗವು ವಿಮಾನ ಏರಿದ ಜಾಗಕ್ಕಿಂತ ಎತ್ತರದಲ್ಲೋ ತಗ್ಗಿನಲ್ಲೋ ಇದ್ದರೆ ಆ ವ್ಯತ್ಯಾಸವನ್ನು ಮೊದಲೇ ತುಂಬಿಸುವ ಸೌಲಭ್ಯವೂ ಇದೆ. ಪಕ್ಕದಲ್ಲಿ ಅನುಭವಸ್ಥರನ್ನು ನಿಲ್ಲಿಸಿಕೊಂಡು ಮಾಡಬೇಕಾದ ಕೆಲಸ ಅದು.

ಈಗ ಈ ವಿಮರ್ಶೆಯ ತಿರುಳಿಗೆ ಬರುತ್ತೇನೆ. 750 ಅಡಿ ಎಂದರೆ ಎಷ್ಟು ಸಮಯ? ಹೊಟ್ಟೆ ಕೆಳಗೆ ಮಾಡಿ ಬೀಳುವ ದೇಹ ಸುಮಾರು ಹನ್ನೆರಡು ಸೆಕೆಂಡಿನ ನಂತರ ಸೆಕೆಂಡಿಗೆ ಹೆಚ್ಚುಕಡಿಮೆ 54 ಮೀಟರ್, ಅಂದರೆ 176 ಅಡಿ ವೇಗದಲ್ಲಿ ಸಾಗುತ್ತಿರುತ್ತದೆ. ಆ ವೇಗದಲ್ಲಿ 750 ಅಡಿ ಮುಗಿಯಲು ನಾಲ್ಕು ಸೆಕೆಂಡಿಗಿಂತ ಸ್ವಲ್ಪವೇ ಹೆಚ್ಚು ಬೇಕು. ಅಷ್ಟರೊಳಗೆ ಲೂಪ್ ಕತ್ತರಿಸಬೇಕು, ರಿಸರ್ವನ್ನು ಹೊರಗೆಳೆಯುವ, ಸ್ಪ್ರಿಂಗ್ ಇರುವ ಪುಟ್ಟ ಪೈಲಟ್ ಚೂಟ್ ಹೊರಚಿಮ್ಮಿ ಗಾಳಿ ಹಿಡಿಯಬೇಕು, ಹಗ್ಗಗಳು ನೀಳವಾಗಬೇಕು, ರಿಸರ್ವ್ ತುಂಬಿಕೊಳ್ಳಬೇಕು. ಬೀಳುವ ದೇಹದ ಬೆನ್ನ ಮೇಲೆ ಗಾಳಿ ನಿಸ್ತೇಜವಾಗಿರುವ ಒಂದು ಜಾಗವಿರುತ್ತದೆ. ಪೈಲಟ್ ಚೂಟ್ ಅಲ್ಲಿ ಕ್ಷಣಕಾಲ ತಡವರಿಸಿದರೆ ಆ ಕ್ಷಣವನ್ನು ಮರಳಿ ಕೊಡುವವರಿಲ್ಲ. ಎಎಡಿ ಸರಿಯಾದ ಎತ್ತರದಲ್ಲೇ ಕತ್ತರಿಸಿಯೂ ರಿಸರ್ವ್ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ನೆಲ ಎದುರಾದ ದುರಂತಗಳು ನಡೆದಿವೆ. ಅಮೆರಿಕದ ಸ್ಕೈಡೈವಿಂಗ್ ಸಂಸ್ಥೆಯಾದ ಯುಎಸ್‌ಪಿಎ 2013ರಲ್ಲಿ ಹಿರಿಯ ಪರವಾನಗಿದಾರರು ಮೇನ್ ಬಿಚ್ಚಬೇಕಾದ ಕನಿಷ್ಠ ಎತ್ತರವನ್ನು 2,000 ಅಡಿಯಿಂದ 2,500 ಅಡಿಗೆ ಏರಿಸಿದ್ದರ ಹಿಂದೆ ಇದೇ ಇಕ್ಕಟ್ಟಿನ ಲೆಕ್ಕವಿದೆ. ವಿದ್ಯಾರ್ಥಿಗಳಿಗೂ ಮೊದಲ ಹಂತದ ಪರವಾನಗಿ ಪಡೆದವರಿಗೂ ಅಲ್ಲಿ 3,000 ಅಡಿಯ ಮಿತಿಯಿದೆ.

ಆ ಲೆಕ್ಕವನ್ನು ನಾನು ಓದಿ ತಿಳಿದಿದ್ದೆ, ಆದರೆ ಮೈಗೆ ಹತ್ತಿಸಿಕೊಂಡಿರಲಿಲ್ಲ. ಉಪಕರಣ ಕೊಂಡ ಮೂರನೆಯ ವರ್ಷ, ನಾಲ್ವರು ಕೈಹಿಡಿದು ಆಕೃತಿಗಳನ್ನು ಕಟ್ಟುವ ಜಿಗಿತದಲ್ಲಿದ್ದೆ. 4,500 ಅಡಿಗೆ ಚದುರಬೇಕು, 3,000 ಅಡಿಗೆ ಮೇನ್ ಎಳೆಯಬೇಕು ಎಂದು ನೆಲದ ಮೇಲೆ ಒಪ್ಪಿಕೊಂಡಿದ್ದೆವು. ಕೊನೆಯ ಹಿಡಿತವೊಂದು ತಪ್ಪಿತು. ಇನ್ನೊಮ್ಮೆ ಯತ್ನಿಸೋಣ ಎಂಬ ಹಟದಲ್ಲಿ ಚದುರುವುದು ತಡವಾಯಿತು, ಬಳಿಕ ಉಳಿದವರಿಂದ ದೂರ ಸರಿಯಲು ಇನ್ನಷ್ಟು ಎತ್ತರ ಹೋಯಿತು, ಮಣಿಕಟ್ಟಿನ ಆಲ್ಟಿಮೀಟರ್ ನೋಡಿದಾಗ ಮುಳ್ಳು ಕೆಂಪು ಪಟ್ಟಿಯೊಳಗೆ 2,000ದ ಗುರುತಿಗೆ ತಾಗಿತ್ತು. ಎಳೆದೆ. ನನ್ನ ಮೇನ್ ಸಾವಕಾಶವಾಗಿ ಬಿಚ್ಚಿಕೊಳ್ಳುವ ಜಾತಿಯದು. ಮೆದುವಾಗಿ ತುಂಬಿಕೊಳ್ಳುತ್ತದೆ ಎಂದು ಹೊಗಳಿಯೇ ಕೊಂಡಿದ್ದೆ. ತಲೆಯ ಮೇಲೆ ಬಟ್ಟೆ ಉದ್ದನೆಯ ಮುದ್ದೆಯಾಗಿ ಪಟಪಟಿಸುತ್ತಿತ್ತು, ಬಿಚ್ಚಿಕೊಳ್ಳುವ ರಭಸವನ್ನು ತಡೆಯುವ ಬಟ್ಟೆಯ ತುಂಡಾದ ಸ್ಲೈಡರ್ ಹಗ್ಗಗಳ ತುದಿಯಿಂದ ಕೆಳಗಿಳಿಯಲೊಲ್ಲದು, ಕೆಳಗೆ ಮರಗಳ ರೆಂಬೆಗಳು ಬಿಡಿಬಿಡಿಯಾಗಿ ಕಾಣತೊಡಗಿದ್ದವು. ಪೂರ್ತಿ ಬಿಚ್ಚಿಕೊಂಡಾಗ 1,100 ಅಡಿ. ಸೈಪ್ರೆಸ್ ಕತ್ತರಿಸುವ ಎತ್ತರಕ್ಕೂ ಅದಕ್ಕೂ ನಡುವೆ ಇದ್ದುದು 350 ಅಡಿ. ಬೀಳುವ ವೇಗದಲ್ಲಿ ಎರಡು ಸೆಕೆಂಡು.

ಇಳಿದ ಮೇಲೆ ನನ್ನೊಳಗೆ ಮೊದಲು ಎದ್ದ ಪ್ರಶ್ನೆಯನ್ನು ಇಲ್ಲಿ ಮುಚ್ಚಿಡುವುದಿಲ್ಲ. ಅಷ್ಟು ಕೆಳಗೆ ಬರುವವರೆಗೆ ನಾನೇಕೆ ಎಳೆಯಲಿಲ್ಲ ಎಂದು ನಾನು ಕೇಳಿಕೊಳ್ಳಲಿಲ್ಲ; ಸೈಪ್ರೆಸ್ ಏಕೆ ಕತ್ತರಿಸಲಿಲ್ಲ ಎಂದು ಕೇಳಿಕೊಂಡೆ. ಪರದೆಯಲ್ಲಿ ಸೊನ್ನೆ ಶಾಂತವಾಗಿ ನಿಂತಿತ್ತು. ಅದು ತನ್ನ ನಿಯಮದಂತೆ ಸರಿಯಾಗಿಯೇ ನಡೆದುಕೊಂಡಿತ್ತು. ನಿಯಮ ಮೀರಿದ್ದು ನಾನು, ಮತ್ತು ಮೀರುವಾಗ ಮನಸ್ಸಿನ ಒಂದು ಮೂಲೆ ಆ ಉಪಕರಣವನ್ನು ಲೆಕ್ಕಕ್ಕೆ ಸೇರಿಸಿಕೊಂಡಿತ್ತು. ಎಎಡಿ ಇಲ್ಲದೆ ಜಿಗಿಯುತ್ತಿದ್ದ ದಿನಗಳಲ್ಲಾಗಿದ್ದರೆ ಆ ಕೊನೆಯ ಹಿಡಿತಕ್ಕೆ ನಾನು ಖಂಡಿತ ಕೈಚಾಚುತ್ತಿರಲಿಲ್ಲ.

ಕೆಟ್ಟ ಮೇನನ್ನು ಕಳಚಲು ಬಳಸುವ ಮೂರು ಉಂಗುರಗಳ ಬಿಡುಗಡೆ ವ್ಯವಸ್ಥೆಯನ್ನು ಕಂಡುಹಿಡಿದ ಬಿಲ್ ಬೂತ್ ಅವರ ಹೆಸರಿನಲ್ಲಿ ಈ ಕ್ರೀಡೆಯಲ್ಲಿ ಒಂದು ಮಾತು ಪ್ರಚಲಿತವಾಗಿದೆ: ಸಲಕರಣೆ ಎಷ್ಟು ಸುರಕ್ಷಿತವಾಗುತ್ತದೋ, ಜಿಗಿಯುವವರು ಅಷ್ಟೇ ಹೆಚ್ಚಿನ ಅಪಾಯವನ್ನು ಮೈಮೇಲೆ ಎಳೆದುಕೊಂಡು ಸಾವಿನ ಪ್ರಮಾಣವನ್ನು ಇದ್ದಲ್ಲೇ ಇರಿಸುತ್ತಾರೆ ಎಂಬ ಅರ್ಥದ ಮಾತು ಅದು. ಅಂಕಿಗಳು ಅದನ್ನು ಪೂರ್ತಿ ಒಪ್ಪುವುದಿಲ್ಲ. 1970ರ ದಶಕದಲ್ಲಿ ಅಮೆರಿಕದಲ್ಲಿ ವರ್ಷಕ್ಕೆ ಹಲವು ಹತ್ತುಗಳ ಲೆಕ್ಕದಲ್ಲಿದ್ದ ಸಾವುಗಳು 2021ರಲ್ಲಿ 10ಕ್ಕೆ ಇಳಿದಿದ್ದವು, ಮತ್ತು ಎಳೆಯದೆಯೇ ನೆಲಕ್ಕಪ್ಪಳಿಸುವ ಸಾವುಗಳನ್ನು ಕಡಿಮೆ ಮಾಡಿದ್ದರಲ್ಲಿ ಎಎಡಿಗಳ ಪಾಲು ದೊಡ್ಡದು. ಆದರೆ ಬೂತ್ ಅವರ ಮಾತು ಒಬ್ಬೊಬ್ಬರ ಮನಸ್ಸಿನ ಬಗ್ಗೆ ನಿಜ ಎನ್ನುವುದಕ್ಕೆ ಆ ದಿನದ ನಾನೇ ಸಾಕ್ಷಿ.

ತಡವಾಗಿ ಎಳೆಯುವವರಿಗೆ ಈ ಉಪಕರಣ ಒಂದು ಹೊಸ ಅಪಾಯವನ್ನೂ ತಂದೊಡ್ಡುತ್ತದೆ. ಮೇನ್ ಇನ್ನೂ ಬಿಚ್ಚಿಕೊಳ್ಳುತ್ತಿರುವಾಗಲೇ 750 ಅಡಿ ಬಂದು ವೇಗ ಇಳಿದಿರದಿದ್ದರೆ ಸೈಪ್ರೆಸ್ ತನ್ನ ಕರ್ತವ್ಯ ಮಾಡಿಬಿಡುತ್ತದೆ. ಆಗ ತಲೆಯ ಮೇಲೆ ಎರಡು ಕ್ಯಾನೊಪಿಗಳು. ಒಂದರ ಹಿಂದೊಂದು ನಿಂತರೆ ಮೆಲ್ಲಗೆ ಹಾಗೆಯೇ ಇಳಿಸಬಹುದು. ಅಕ್ಕಪಕ್ಕ ನಿಂತು ನಂತರ ಪರಸ್ಪರ ದೂರ ಸರಿದು ಎರಡೂ ನೆಲದತ್ತ ಮೂತಿ ತಿರುಗಿಸಿದರೆ ಮೇನನ್ನು ಕಳಚಲೇಬೇಕು, ಅದೂ ಹಗ್ಗಗಳು ಒಂದಕ್ಕೊಂದು ಸಿಕ್ಕಿಕೊಂಡಿಲ್ಲ ಎಂಬುದನ್ನು ಕ್ಷಣಾರ್ಧದಲ್ಲಿ ನೋಡಿಕೊಂಡು. ಇಂಥ ನಿರ್ಧಾರವನ್ನು 600 ಅಡಿಯಲ್ಲಿ ತೆಗೆದುಕೊಳ್ಳಬೇಕಾಗಿ ಬರುವುದು ಯಾರಿಗೂ ಬೇಡ.

ಇದು ಮಾಡಲಾರದ ಕೆಲಸಗಳನ್ನೂ ಸ್ಪಷ್ಟವಾಗಿ ತಿಳಿದಿರಬೇಕು. ಕೆಟ್ಟ ಮೇನನ್ನು 500 ಅಡಿಯಲ್ಲಿ ಕಳಚಿ ರಿಸರ್ವ್ ಎಳೆಯಲು ಮರೆತರೆ, ದೇಹ ಮತ್ತೆ ಸೆಕೆಂಡಿಗೆ 35 ಮೀಟರ್ ವೇಗ ಪಡೆಯುವಷ್ಟರಲ್ಲಿ ಇನ್ನೂರು ಅಡಿಗೂ ಹೆಚ್ಚು ಕರಗಿರುತ್ತದೆ. ಆಮೇಲೆ ಕತ್ತರಿಸಿದರೂ ಉಪಯೋಗ ಕಡಿಮೆ. ಆ ಜಾಗವನ್ನು ತುಂಬುವುದು ಮೇನ್ ಕಳಚಿದೊಡನೆ ರಿಸರ್ವ್ ಪಿನ್ನನ್ನು ಎಳೆಯುವ ಆರ್‌ಎಸ್‌ಎಲ್ ಪಟ್ಟಿ, ಅಥವಾ ಕಳಚಿಹೋಗುವ ಮೇನನ್ನೇ ಬಳಸಿಕೊಂಡು ರಿಸರ್ವನ್ನು ಎಳೆದು ತೆಗೆಯುವ ಸ್ಕೈಹುಕ್‌ನಂಥ ವ್ಯವಸ್ಥೆ. ಎಎಡಿ ಇದೆಯಲ್ಲ ಎಂದು ಆರ್‌ಎಸ್‌ಎಲ್ ಬಿಚ್ಚಿಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಸುಸ್ಥಿತಿಯಲ್ಲಿರುವ ಕ್ಯಾನೊಪಿಯ ಕೆಳಗೆ ನೆಲದ ಹತ್ತಿರ ತಪ್ಪಾಗಿ ತಿರುಗಿ ಸಾಯುವವರು ಇಂದು ಕಡಿಮೆಯೇನಿಲ್ಲ. ಅಲ್ಲಿ ಇದರ ನೆರವು ಶೂನ್ಯ. ವಿಮಾನ ಮೇಲೇರುವಾಗ 1,500 ಅಡಿ ದಾಟುವವರೆಗೆ ಉಪಕರಣ ಸಜ್ಜಾಗುವುದೇ ಇಲ್ಲ. ಅದಕ್ಕಿಂತ ಕೆಳಗೆ ತುರ್ತಾಗಿ ಹೊರಬೀಳಬೇಕಾದರೆ ರಿಸರ್ವ್ ಹ್ಯಾಂಡಲ್ ಎಳೆಯಬೇಕಾದ್ದು ನಿಮ್ಮ ಕೈಯೇ. ಇನ್ನು ಜಿಗಿಯದೆ ವಿಮಾನದಲ್ಲೇ ಮರಳುವ ದಿನ, ವಿದ್ಯಾರ್ಥಿ ಮಾದರಿ ಹೊತ್ತವರು ಇದ್ದರೆ ಪೈಲಟ್‌ಗೆ ಮೊದಲೇ ತಿಳಿಸಿ ಬಾಗಿಲು ಮುಚ್ಚಿಸಬೇಕು. ಸೆಕೆಂಡಿಗೆ 13 ಮೀಟರಿನ ಇಳಿತ ಜಿಗಿತದ ವಿಮಾನಗಳಿಗೆ ಅಸಾಧ್ಯವಲ್ಲ, ತೆರೆದ ಬಾಗಿಲ ಬಳಿ ರಿಸರ್ವ್ ಬಿಚ್ಚಿಕೊಂಡರೆ ಒಳಗಿರುವ ಎಲ್ಲರಿಗೂ ಕುತ್ತು.

ಆಕ್ಷೇಪಗಳು ನನಗೆ ಎರಡಿವೆ. ಮೊದಲನೆಯದು ಆಯುಸ್ಸು: ಈಚಿನ ಘಟಕಗಳಿಗೆ 5 ಮತ್ತು 10ನೇ ವರ್ಷದಲ್ಲಿ ತಯಾರಕರ ಬಳಿ ತಪಾಸಣೆ, ಒಟ್ಟು ಬಾಳಿಕೆ ಹದಿನೈದೂವರೆ ವರ್ಷ, ಅನಂತರ ಅದನ್ನು ತೆಗೆದಿಡಬೇಕು. ಬೆಲ್ಜಿಯಂನ ವಿಜಿಲ್ ಎಂಬ ಎಎಡಿಯನ್ನು ಇಷ್ಟಪಡುವ ಗೆಳೆಯರು ಈ ವಿಷಯದಲ್ಲಿ ನನ್ನೊಂದಿಗೆ ವಾದ ಮಾಡುತ್ತಾರೆ, ಅವರ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಆದರೂ ಸಿಡಿಮದ್ದನ್ನೂ ಒತ್ತಡದ ಸೆನ್ಸರನ್ನೂ ಆಗಾಗ ಪರೀಕ್ಷಿಸಿಕೊಳ್ಳುವ ಶಿಸ್ತಿಗೆ ಹಣ ತೆರಲು ನಾನು ಸಿದ್ಧ. ಹಳೆಯದನ್ನು ಕೊಳ್ಳುವವರು ತಯಾರಾದ ತಿಂಗಳನ್ನೂ ತಪಾಸಣೆಯ ದಾಖಲೆಯನ್ನೂ ನೋಡದೆ ಮುಂಗಡ ಕೊಡಬಾರದು. ಎರಡನೆಯದು, ಕಾರ್ಖಾನೆಯಿಂದ ಬರುವ 750 ಅಡಿಯ ಹೊಂದಾಣಿಕೆ ಇಂದಿನ ಸಾವಕಾಶದ ರಿಸರ್ವ್‌ಗಳಿಗೂ ಬಿಗಿ ಚೀಲಗಳಿಗೂ ಸಾಲದು ಎಂಬುದು ನನ್ನ ದೃಢ ಅಭಿಪ್ರಾಯ. ಅದನ್ನು 100 ಅಡಿಗಳ ಹೆಜ್ಜೆಯಲ್ಲಿ ಇನ್ನೂ 900 ಅಡಿಗಳಷ್ಟು ಮೇಲಕ್ಕೆ ಸರಿಸುವ ಅವಕಾಶವನ್ನು ಈಚಿನ ಸೈಪ್ರೆಸ್ 2 ಕೊಡುತ್ತದೆ. ಬಹುತೇಕರು ಆ ಆಯ್ಕೆಯನ್ನು ತೆರೆದೂ ನೋಡಿರುವುದಿಲ್ಲ.

ಆ 1,100 ಅಡಿಯ ದಿನದ ನಂತರ ನಾನು ಅದನ್ನು 300 ಅಡಿ ಮೇಲೇರಿಸಿ 1,050ಕ್ಕೆ ಇರಿಸಿಕೊಂಡೆ. ಹಾಗೆ ಏರಿಸಿದವರು ತಮ್ಮ ಎಳೆಯುವ ಎತ್ತರವನ್ನೂ ಏರಿಸದಿದ್ದರೆ ಎರಡು ಕ್ಯಾನೊಪಿಗಳ ಇಕ್ಕಟ್ಟನ್ನು ತಾವೇ ಬರಮಾಡಿಕೊಂಡಂತೆ. ಆದ್ದರಿಂದ ನಾನು ಎಳೆಯುವುದು ಈಗ 3,500 ಅಡಿಗೆ, ಗುಂಪು ಚದುರುವುದು 5,000ಕ್ಕೆ, ಹಿಡಿತ ಸಿಕ್ಕಿರಲಿ ಬಿಟ್ಟಿರಲಿ. ಹೊಸಬರೊಡನೆ ಜಿಗಿಯುವಾಗ ಈ ಎರಡು ಅಂಕಿಗಳನ್ನು ವಿಮಾನ ಹತ್ತುವ ಮುಂಚೆ ಅವರ ಬಾಯಿಂದಲೇ ಹೇಳಿಸುತ್ತೇನೆ. ಉಪಕರಣಕ್ಕೆ ನಾನು ಕೊಡುವ ಅಂಕ ಐದಕ್ಕೆ ನಾಲ್ಕೂವರೆ. ಕಳೆದ ಅರ್ಧ ಅಂಕ ಆ ಕಾರ್ಖಾನೆಯ ಹೊಂದಾಣಿಕೆಗೆ.