ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಜಾಲತಾಣ: ಶಾಲೆಯ ಯುದ್ಧಸ್ಮರಣೆಗೆ ಎಷ್ಟು ಒದಗುತ್ತದೆ?

ಮೊದಲ ಮಹಾಯುದ್ಧ ನಿಂತ ನವೆಂಬರ್ 11ಕ್ಕೋ, ಅದೇ ಯುದ್ಧದಲ್ಲಿ ಮೈಸೂರಿನ ಕುದುರೆ ದಳವೂ ಸೇರಿ ಹೈಫಾ ಪಟ್ಟಣ ಗೆದ್ದ ಸೆಪ್ಟೆಂಬರ್ 23ರ ಹೈಫಾ ದಿನಕ್ಕೋ ಊರಿನ ಸ್ಮಾರಕದ ಮುಂದೆ ಮಕ್ಕಳಿಂದ ಮಡಿದವರ ಹೆಸರು ಓದಿಸುವುದಾದರೆ ಮೊದಲು ಪಟ್ಟಿ ಕೈಯಲ್ಲಿರಬೇಕು. ಹೂವು, ಬ್ಯಾಂಡು, ಮೈಕು ಎಲ್ಲ ಆಮೇಲೆ. ಎರಡು ಮಹಾಯುದ್ಧಗಳ ಮಟ್ಟಿಗೆ ಆ ಪಟ್ಟಿ ಸಿಗುವ ದೊಡ್ಡ ಜಾಗ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣ. ಆ ಯುದ್ಧಗಳಲ್ಲಿ ಮಡಿದ ಕಾಮನ್‌ವೆಲ್ತ್ ದೇಶಗಳ ಸೈನಿಕರ ಸಮಾಧಿ, ಸ್ಮಾರಕ ನೋಡಿಕೊಳ್ಳಲು 1917ರಲ್ಲಿ ಶುರುವಾದ ಸಂಸ್ಥೆ, ಸುಮಾರು 17 ಲಕ್ಷ ಜನರ ದಾಖಲೆ. ಹುಡುಕುವುದಕ್ಕೆ ಕಾಸು ಕೊಡಬೇಕಿಲ್ಲ. ಆದರೆ ಕನ್ನಡನಾಡಿನ ಹೆಸರು ಬೇಕೆಂದರೆ ಹೆಸರಿನಿಂದ ಹುಡುಕಬಾರದು, ಊರಿನಿಂದ ಹುಡುಕಬೇಕು.

ಕಾರಣ ಸರಳ. ನಮ್ಮ ಸಿಪಾಯಿಗಳಲ್ಲಿ ಹೆಚ್ಚಿನವರಿಗೆ ಒಂದೇ ಹೆಸರು. ಅದು ದಾಖಲೆಯಲ್ಲಿ ಕುಲನಾಮದ ಜಾಗದಲ್ಲಿ ಕೂತಿರುತ್ತದೆ, ಮೊದಲ ಹೆಸರಿನ ಜಾಗ ಖಾಲಿ. ಮೇಲಾಗಿ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡದ್ದು. ಹಾಗಾಗಿ ವಿಸ್ತೃತ ಹುಡುಕಾಟಕ್ಕೆ ಹೋಗಿ, 'ಹೆಚ್ಚುವರಿ ಮಾಹಿತಿ' ಖಾನೆಯಲ್ಲಿ ಊರು ಅಥವಾ ಜಿಲ್ಲೆ ಟೈಪ್ ಮಾಡಿ, ಭಾರತದ ಸೇನೆಯೆಂದು ಸೋಸಿಕೊಳ್ಳಿ. ಇಂಥವರ ಮಗ, ಇಂಥ ಊರು, ಇಂಥ ಜಿಲ್ಲೆ ಎಂಬ ವಿವರ ಇರುವುದು ಆ ಖಾನೆಯಲ್ಲೇ. ಸೋಸದೆ ಬರೀ ಬೆಂಗಳೂರು ಎಂದು ಹುಡುಕಿದರೆ ದಂಡು ಪ್ರದೇಶದಲ್ಲಿ ಅಪ್ಪ ಅಮ್ಮ ಇದ್ದ ಬ್ರಿಟಿಷ್ ಸೈನಿಕರೂ ಸಾಲಾಗಿ ಬರುತ್ತಾರೆ.

ಇಂಗ್ಲಿಷ್ ಕಾಗುಣಿತ ಆ ಕಾಲದ್ದೇ ಆಗಬೇಕು. ಧಾರವಾಡದ ಕೊನೆಗೆ 'ಡಿ' ಹಾಕಿದರೆ ಕೈಗೆ ಏನೂ ಹತ್ತುವುದಿಲ್ಲ, 'ಆರ್' ಹಾಕಬೇಕು. ಕೊಡಗು ಬದಲು ಕೂರ್ಗ್, ಶಿವಮೊಗ್ಗ ಬದಲು ಶಿಮೋಗ, ತುಮಕೂರಿಗೆ ತುಮ್ಕೂರ್. ಮೈಸೂರು ಎಂದು ಕೊಟ್ಟು ಇಡೀ ಕರ್ನಾಟಕ ಸಿಕ್ಕಿತೆಂದು ಕೂರುವುದು ಎಲ್ಲರೂ ಬೀಳುವ ಹಳ್ಳ. ಆಗ ಬಳ್ಳಾರಿ, ಮಂಗಳೂರು ಮದರಾಸಿನಲ್ಲಿದ್ದವು. ಬೆಳಗಾವಿ, ಬಿಜಾಪುರ ಮುಂಬೈ ಪ್ರಾಂತ್ಯದಲ್ಲಿ. ಬೀದರ್, ರಾಯಚೂರು ನಿಜಾಮರ ಸೀಮೆಯಲ್ಲಿ. ಒಂದೊಂದನ್ನೂ ಬೇರೆಬೇರೆಯಾಗಿ ಹುಡುಕಬೇಕು. ಸಿಕ್ಕ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳುವ ಸೌಲಭ್ಯ ಇದೆ, ಅದು ನಿಜಕ್ಕೂ ಉಪಕಾರ.

ಮಕ್ಕಳು ಎಡವುವುದು ಮುಖ್ಯವಾಗಿ ಎರಡು ಕಡೆ. ಒಂದು, ಸ್ಮಾರಕದ ಹೆಸರನ್ನೇ ಸತ್ತ ಜಾಗವೆಂದು ತಿಳಿಯುವುದು. ದಾಖಲೆಯಲ್ಲಿ ಡೆಲ್ಲಿ ಮೆಮೋರಿಯಲ್ ಎಂದಿದ್ದರೆ ಅದು ಇಂಡಿಯಾ ಗೇಟ್. ಹೆಸರು ಕೆತ್ತಿರುವುದು ಅಲ್ಲಿ, ಮನುಷ್ಯ ತೀರಿಕೊಂಡದ್ದು ಅಫ್ಘಾನಿಸ್ತಾನದ ಕಡೆಯ ವಾಯವ್ಯ ಗಡಿಯಲ್ಲಿರಬಹುದು. ಬಸ್ರಾ ಸ್ಮಾರಕವಂತೂ 40 ಸಾವಿರಕ್ಕೂ ಹೆಚ್ಚು ಜನರದ್ದು, ಮೊದಲ ಮಹಾಯುದ್ಧದಲ್ಲಿ ಇರಾಕಿನ ಕಡೆ ಸತ್ತು ಸಮಾಧಿ ಗೊತ್ತಿಲ್ಲದವರಿಗಾಗಿ ಕಟ್ಟಿದ್ದು. (ಅದನ್ನೇ 1997ರಲ್ಲಿ ಕಿತ್ತು ನಾಸಿರಿಯಾ ದಾರಿಗೆ ಸಾಗಿಸಿದರು.) ಎರಡನೆಯದು, ಎಲ್ಲರ ಹೆಸರಿನ ಮುಂದೂ 'ರಣರಂಗದಲ್ಲಿ ಹೋರಾಡುತ್ತ' ಎಂದು ಸೇರಿಸಿಬಿಡುವುದು. ಕಮಿಷನ್ ಲೆಕ್ಕಕ್ಕೆ ಹಿಡಿಯುವ ಅವಧಿ ಮೊದಲ ಯುದ್ಧಕ್ಕೆ 4 ಆಗಸ್ಟ್ 1914ರಿಂದ 31 ಆಗಸ್ಟ್ 1921, ಎರಡನೆಯದಕ್ಕೆ 3 ಸೆಪ್ಟೆಂಬರ್ 1939ರಿಂದ 31 ಡಿಸೆಂಬರ್ 1947. ಅಷ್ಟರೊಳಗೆ ಕಾಯಿಲೆಯಿಂದ ಸತ್ತ ಸೈನಿಕರೂ ಸೇರಿದ್ದಾರೆ; 1918ರ ಕೊನೆಯ ತಿಂಗಳುಗಳ ಸಾವು ಇನ್‌ಫ್ಲುಯೆಂಜಾದಿಂದ ಆಗಿರುವ ಸಾಧ್ಯತೆ ಸಾಕಷ್ಟು. 'ಸೇವೆಯಲ್ಲಿದ್ದಾಗ ತೀರಿಕೊಂಡ' ಎಂದು ಓದಿಸಿದರೆ ತಪ್ಪಾಗುವುದಿಲ್ಲ. ಹಾಗೆಯೇ ಭಿಸ್ತಿ (ನೀರು ಹೊರುವವ), ಹೇಸರಗತ್ತೆ ಹೊಡೆಯುವವ, ಅಡುಗೆಯವ ಎಂಬ ಹುದ್ದೆಗಳು ಕಂಡರೆ ಪಟ್ಟಿಯಿಂದ ತೆಗೆಯಬೇಡಿ. ಅವರೂ ಸೇನೆಯ ಲೆಕ್ಕದಲ್ಲೇ ಸತ್ತವರು.

ದೊಡ್ಡ ದೂರು ಇರುವುದು ಇಲ್ಲದ ಹೆಸರುಗಳ ಬಗ್ಗೆ. 2021ರಲ್ಲಿ ಕಮಿಷನ್ ತಾನೇ ನೇಮಿಸಿದ ಸಮಿತಿಯ ವರದಿ ಒಪ್ಪಿಕೊಂಡಂತೆ, ಮೊದಲ ಯುದ್ಧದಲ್ಲಿ ಮಡಿದ 45 ಸಾವಿರದಿಂದ 54 ಸಾವಿರ ಜನರನ್ನು, ಮುಖ್ಯವಾಗಿ ಭಾರತ, ಆಫ್ರಿಕಾ, ಈಜಿಪ್ಟಿನವರನ್ನು, ಬೇರೆಯವರಂತೆ ಸ್ಮರಿಸಲಿಲ್ಲ. ಇನ್ನೂ ಕನಿಷ್ಠ 1,16,000 ಮಂದಿ, ಪ್ರಾಯಶಃ 3,50,000ದವರೆಗೂ, ಹೆಸರು ಹಿಡಿದು ಸ್ಮರಿಸಲ್ಪಟ್ಟಿಲ್ಲ ಅಥವಾ ಸ್ಮರಣೆಯೇ ಆಗಿಲ್ಲ. ಆದ್ದರಿಂದ ಇಲ್ಲಿ ಹೆಸರು ಸಿಗದಿದ್ದರೆ ಆ ಊರಿನಿಂದ ಯಾರೂ ಹೋಗಲಿಲ್ಲ ಎಂದು ತೀರ್ಮಾನಿಸಬೇಡಿ. ಊರಿನ ಹಳೆ ಮನೆಗಳಲ್ಲಿ ಪದಕ, ಪಿಂಚಣಿ ಕಾಗದ ಇದೆಯೇ ಎಂದು ಮಕ್ಕಳನ್ನೇ ಕಳಿಸಿ ಕೇಳಿಸಿ. ಸ್ವಾತಂತ್ರ್ಯಾನಂತರದ ಯುದ್ಧಗಳಿಗೆ, ಕಾರ್ಗಿಲ್ ಸೇರಿ, ಈ ಜಾಲತಾಣದಿಂದ ಪ್ರಯೋಜನವಿಲ್ಲ. ಅದಕ್ಕೆ 2019ರಲ್ಲಿ ದೆಹಲಿಯಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದ ಪಟ್ಟಿ ನೋಡಬೇಕು.

ಓದುವ ಹಾಳೆ ಕನ್ನಡ ಲಿಪಿಯಲ್ಲೇ ಇರಲಿ. ಇಂಗ್ಲಿಷಿನಲ್ಲಿ 'ಕೆ ಎ ಎಲ್ ಎ' ಎಂದು ಶುರುವಾಗುವ ಹೆಸರು ಕಾಳಪ್ಪನೋ ಕಲ್ಲಪ್ಪನೋ ಪರದೆ ನೋಡಿ ಹೇಳಲಾಗದು. ಆ ಊರಿನ ಹಿರಿಯರೊಬ್ಬರಿಗೆ ತೋರಿಸಿ ಗೊತ್ತು ಮಾಡಿಕೊಳ್ಳಿ. ಹುದ್ದೆ, ಹೆಸರು, ದಳ, ಊರು, ತಾರೀಖು ಇಷ್ಟನ್ನು ನಿಧಾನವಾಗಿ ಓದಲು ಎಂಟು ಸೆಕೆಂಡ್ ಹಿಡಿಯುತ್ತದೆ. 15 ಹೆಸರಿಗೆ ಎರಡು ನಿಮಿಷ, ಒಬ್ಬ ವಿದ್ಯಾರ್ಥಿಗೆ ಐದು ಸಾಕು. ಎಲ್ಲ ವಿವರ ಬೇಡವೆಂದರೆ ತಾರೀಖು ಬಿಡಿ, ಊರು ಬಿಡಬೇಡಿ. ನೆರೆದ ಜನ ಕಿವಿಗೊಡುವುದೇ ಅದಕ್ಕೆ.

ಪ್ರತಿ ಹೆಸರಿನ ಪುಟದಿಂದ ಒಂದು ಸ್ಮರಣಾ ಪ್ರಮಾಣಪತ್ರ ಮುದ್ರಿಸಿಕೊಳ್ಳಬಹುದು, ಗೋಡೆಗೆ ಅಂಟಿಸಲು ಚೆನ್ನ. ಅದಕ್ಕಿಂತ ಬೆಲೆಬಾಳುವುದು ಕೆಲವು ಪುಟಗಳ ಕೆಳಗಿರುವ ಮೂಲ ದಾಖಲೆಯ ಸ್ಕ್ಯಾನ್. ಟೈಪ್ ಮಾಡುವಾಗ ಆದ ತಪ್ಪು ಗೊತ್ತಾಗುವುದು ಅಲ್ಲಿ. ಪುರಾವೆ ಜೊತೆಗಿಟ್ಟು ಬರೆದರೆ ಕಮಿಷನ್ ತಿದ್ದುಪಡಿಯನ್ನು ಪರಿಶೀಲಿಸುತ್ತದೆ, ಆದರೆ ಬೇಗ ಆಗುತ್ತದೆಂದು ನೆಚ್ಚಿಕೊಂಡು ಸಮಾರಂಭದ ಹಿಂದಿನ ವಾರ ಬರೆಯುವುದು ವ್ಯರ್ಥ. ಎರಡು ಮೂರು ತಿಂಗಳು ಮೊದಲೇ ಪಟ್ಟಿಯ ಕೆಲಸಕ್ಕೆ ಕೈಹಾಕಿ.